ದನಗಳಿಗೆ ನಿಷೇಧ ಬೇಡ, ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಕಾಡಿನಲ್ಲಿ ದನ ಮೇಯಿಸುವುದನ್ನು ನಿಲ್ಲಿಸಬೇಕೇ ಬೇಡವೇ ಎಂಬ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಗಳನ್ನೂ ಓದುಗರ ಪತ್ರಗಳನ್ನೂ ಬಿಡದೆ ಓದಿದ್ದೇನೆ. ಅರಣ್ಯಾಧಿಕಾರಿಗಳು ಮಾತನಾಡಿದ್ದಾರೆ, ವನ್ಯಜೀವಿ ಪ್ರಿಯರು ಬರೆದಿದ್ದಾರೆ, ರೈತ ಮುಖಂಡರು ಹೇಳಿಕೆ ಕೊಟ್ಟಿದ್ದಾರೆ. ಕಾಡಿನೊಳಗೆ ಪಟ್ಟಿ, ಎಂದರೆ ದನದ ದೊಡ್ಡಿ, ಕಟ್ಟಿ ದನ ಸಾಕುವ ಮನೆಯವರ ಮಾತು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಅಂಥ ಮನೆಯ ಸೊಸೆಯಾಗಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತವರು ಹನೂರು ತಾಲ್ಲೂಕು. ಮದುವೆಯಾಗಿ ಬಂದದ್ದು ತಮಿಳುನಾಡಿನ ಈರೋಡ್ ಜಿಲ್ಲೆ, ಅಂತಿಯೂರು ತಾಲ್ಲೂಕಿನ ಬರಗೂರು ಬೆಟ್ಟಕ್ಕೆ. ಇಲ್ಲಿನ ಲಿಂಗಾಯತರ ಮನೆಮಾತು ಕನ್ನಡ, ಸಂತೆಯ ಮಾತು ತಮಿಳು, ಮನೆದೇವರು ಮಾದಪ್ಪ, ಎಂದರೆ ಮಲೆ ಮಹದೇಶ್ವರ. ಕೊಳ್ಳೇಗಾಲದ ಕಡೆಯಿಂದ ಬರುವ ಬಸ್ಸಿನಲ್ಲಿ ನಿಮ್ಮ ಪತ್ರಿಕೆ ಬಂದರೆ ಆ ದಿನ ನಮ್ಮ ಜಗಲಿಯಲ್ಲಿ ಗಟ್ಟಿಯಾಗಿ ಓದುವುದು ನನ್ನ ಕೆಲಸ. ನಿಮ್ಮ ಕಿರಿಯ ಓದುಗರಿಗೆ ಗೊತ್ತಿರಲಾರದು: 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೂಡ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಬರಗೂರು ಬೆಟ್ಟವೂ ಅದೇ ಜಿಲ್ಲೆಯಲ್ಲಿತ್ತು. ರಾಜ್ಯಗಳ ಮರುವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಮದರಾಸಿನಲ್ಲಿ ಉಳಿದೆವು. ಗಡಿ ಬಿದ್ದದ್ದು ನಕ್ಷೆಯ ಮೇಲೆ. ಹೆಣ್ಣು ಕೊಡುವುದು, ತರುವುದು, ಹೋರಿ ಮಾರುವುದು, ಕೊಳ್ಳುವುದು ಇವೆಲ್ಲ ಅದರ ಆಚೀಚೆ ನಡೆದೇ ಇದೆ. ‘ತಮಿಳುನಾಡಿನ ದನಗಳು’ ಎಂದು ಸುದ್ದಿಯಲ್ಲಿ ಓದುವಾಗ ನನಗೆ ಈ ಚರಿತ್ರೆ ನೆನಪಾಗುತ್ತದೆ.

ಮೊದಲು ಹುಲಿಯ ಮಾತು. 2025ರ ಜೂನ್ ಕೊನೆಯ ವಾರ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೊಂದು ತನ್ನ ನಾಲ್ಕು ಮರಿಗಳೊಂದಿಗೆ ಸತ್ತು ಬಿದ್ದಿತ್ತು. ಹುಲಿ ಹಿಡಿದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು ಎಂದು ಆಮೇಲೆ ತಿಳಿಯಿತು. ಆ ಸುದ್ದಿ ಓದಿದ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮಾದಪ್ಪ ಹುಲಿಯ ಮೇಲೆ ಕುಳಿತ ದೇವರು. ಅವನಿಗೆ ಹರಕೆ ಹೊರುವ ನಾಡಿನಲ್ಲಿ ಹುಲಿಗೆ ವಿಷವಿಡುವುದಕ್ಕಿಂತ ದೊಡ್ಡ ಪಾಪ ನನಗೆ ಗೊತ್ತಿಲ್ಲ. ವಿಷ ಇಟ್ಟವರಿಗೆ ಕಾನೂನು ಕೊಡುವ ಶಿಕ್ಷೆಯಲ್ಲಿ ಒಂದು ದಿನವೂ ಕಡಿಮೆಯಾಗಬಾರದು ಎಂಬುದು ನನ್ನ ಅಭಿಪ್ರಾಯ. ಇದನ್ನು ಮೊದಲೇ ಹೇಳುತ್ತಿರುವುದೇಕೆಂದರೆ, ಇನ್ನು ಮುಂದೆ ನಾನು ಬರೆಯುವುದನ್ನು ವಿಷ ಇಟ್ಟವರ ಪರವಾದ ವಕಾಲತ್ತು ಎಂದು ಯಾರೂ ತಿಳಿಯಬಾರದು.

ಅದಾದ ತಿಂಗಳಲ್ಲೇ ಕರ್ನಾಟಕದ ಅರಣ್ಯ ಸಚಿವರು ಕಾಡಿನಲ್ಲಿ ಸಾಕುಪ್ರಾಣಿಗಳನ್ನು ಮೇಯಿಸುವುದಕ್ಕೆ ತಡೆ ಹಾಕಬೇಕೆಂದು ಅಧಿಕಾರಿಗಳಿಗೆ ಸೂಚನೆ ಕೊಟ್ಟರು. ಮದರಾಸು ಹೈಕೋರ್ಟಿನ ತೀರ್ಪನ್ನು ಅದಕ್ಕೆ ಆಧಾರವಾಗಿ ತೋರಿಸಿದರು. ಆ ತೀರ್ಪಿನ ಬಿಸಿ ನಮಗೆ 2022ರ ಮಾರ್ಚ್‌ನಲ್ಲೇ ತಟ್ಟಿತ್ತು. ಮೊದಲು ತಮಿಳುನಾಡಿನ ಎಲ್ಲ ಕಾಡುಗಳಲ್ಲೂ ದನ ಮೇಯಿಸಬಾರದೆಂದು ಆದೇಶ ಬಂತು. ಆಮೇಲೆ ಅದನ್ನು ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ, ಹುಲಿ ರಕ್ಷಿತಾರಣ್ಯಗಳಿಗೆ ಸೀಮಿತಗೊಳಿಸಿದರು. ಬರಗೂರು ಕಾಡು ಆಗ ಈ ಮೂರರಲ್ಲಿ ಯಾವುದೂ ಆಗಿರಲಿಲ್ಲ, ಮೀಸಲು ಅರಣ್ಯವಾಗಿತ್ತು. ನಾವು ಉಸಿರು ಬಿಟ್ಟೆವು. 2023ರ ಬಜೆಟ್‌ನಲ್ಲಿ ಇದನ್ನೂ ವನ್ಯಜೀವಿಧಾಮ ಮಾಡುವುದಾಗಿ ಸರ್ಕಾರ ಪ್ರಕಟಿಸಿತು. 2024ರಲ್ಲಿ ಅಂತಿಯೂರು, ಗೋಬಿಚೆಟ್ಟಿಪಾಳ್ಯಂ ತಾಲ್ಲೂಕುಗಳ ಸುಮಾರು 80 ಸಾವಿರ ಹೆಕ್ಟೇರ್ ಕಾಡು ತಂದೈ ಪೆರಿಯಾರ್ ವನ್ಯಜೀವಿಧಾಮವಾಯಿತು. ಒಂದು ಕಡೆ ಸತ್ಯಮಂಗಲ, ಇನ್ನೊಂದು ಕಡೆ ಮಾದಪ್ಪನ ಬೆಟ್ಟ, ಮತ್ತೊಂದು ಕಡೆ ಕಾವೇರಿ ಕಾಡು. ಆನೆಗೂ ಹುಲಿಗೂ ಇದು ನಡುವಿನ ದಾರಿ. ಅದನ್ನು ಕಾಪಾಡಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆ ದಾರಿಯಲ್ಲಿ ತಲೆಮಾರುಗಳಿಂದ ಇರುವ ನಮ್ಮ ಪಟ್ಟಿಗಳನ್ನು ಏನು ಮಾಡುತ್ತೀರಿ ಎಂಬುದಷ್ಟೇ ಪ್ರಶ್ನೆ.

ಪಟ್ಟಿ ಎಂದರೇನೆಂದು ಪೇಟೆಯ ಓದುಗರಿಗೆ ಹೇಳಬೇಕು. ಮಾದಪ್ಪನ ಬೆಟ್ಟದ ಕಡೆ ದೊಡ್ಡಿ ಎನ್ನುತ್ತಾರಲ್ಲ, ಅದೇ. ಕಾಡಿನೊಳಗೆ ನೀರಿಗೆ ಹತ್ತಿರವಾಗಿ, ನೀರಿಗೆ ತೀರಾ ಅಂಟಿಕೊಳ್ಳದಂತೆ, ಸ್ವಲ್ಪ ಇಳಿಜಾರಾದ ಜಾಗ ನೋಡಿ ಸುತ್ತ ಮರದ ಗಳು ಮತ್ತು ಮುಳ್ಳಿನ ಬೇಲಿ ಹಾಕುತ್ತಾರೆ. ಒಳಗೆ ಕರುಗಳಿಗೆ ಬೇರೆ ಗೂಡು. ಕಾಯುವವರಿಗೆ ಒಂದು ಗುಡಿಸಲು. ಬೆಳಿಗ್ಗೆ ಬಿಟ್ಟ ಹಸುಗಳನ್ನು ಸಂಜೆ ಯಾರೂ ಅಟ್ಟಿಕೊಂಡು ಬರಬೇಕಾಗಿಲ್ಲ. ಒಳಗಿರುವ ಕರು, ಕಲ್ಲಿನ ಮೇಲೆ ಹಾಕಿದ ಉಪ್ಪು ಇವೆರಡರ ಆಸೆಗೆ ಅವೇ ಬರುತ್ತವೆ. ನಮ್ಮ ಮನೆಯ ರೂಢಿಯಲ್ಲಿ ಬೆಟ್ಟದ ಹೊಲಗಳಲ್ಲಿ ರಾಗಿ ನಿಂತಿರುವ ತಿಂಗಳುಗಳಲ್ಲಿ ದನ ಕಾಡಿನ ಪಟ್ಟಿಯಲ್ಲಿರುತ್ತವೆ. ಕೊಯ್ಲು ಮುಗಿದ ಮೇಲೆ ಕೂಳೆ ಮೇಯಲು ಹೊಲಕ್ಕೆ ಇಳಿಯುತ್ತವೆ, ಹೊಲದಲ್ಲೇ ಮಂದೆ ನಿಲ್ಲಿಸುತ್ತೇವೆ.

ಈ ದನಗಳು ಬರಗೂರು ತಳಿ. ಕೆಂಪು ಮೈ, ಅದರ ಮೇಲೆ ಅಲ್ಲಲ್ಲಿ ಬಿಳಿ ಮಚ್ಚೆ, ಬುಡದಲ್ಲಿ ಹತ್ತಿರವಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇರುವ ಕೊಂಬು. ದೇಶದ ಗೋತಳಿಗಳ ಅಧಿಕೃತ ಪಟ್ಟಿಯಲ್ಲಿ ಇದರ ಹೆಸರಿದೆ. ಬರಗೂರಿನ ಬೆಟ್ಟದೆಮ್ಮೆಗೂ ಬೇರೆ ತಳಿಯೆಂಬ ಮನ್ನಣೆ ಸಿಕ್ಕಿದೆ. ಹಾಲು ದಿನಕ್ಕೆ ಒಂದೆರಡು ಲೀಟರ್ ಮೀರುವುದಿಲ್ಲ, ಅದರಲ್ಲೂ ಕರುವಿನ ಪಾಲು ಮೊದಲು. ಆದರೆ ನಡೆಯುವುದರಲ್ಲಿ, ಓಡುವುದರಲ್ಲಿ, ಕಲ್ಲುಗುಡ್ಡ ಹತ್ತುವುದರಲ್ಲಿ ಇವುಗಳ ಸಮಕ್ಕೆ ಬೇರೆ ದನ ಬರುವುದಿಲ್ಲ. ಹೊಸಬರನ್ನು ಹತ್ತಿರ ಸೇರಿಸುವುದಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಅತ್ತೆಯವರು ತಮ್ಮ ಹಳೆಯ ಸೀರೆ ಉಡಿಸಿ ನನ್ನನ್ನು ಹಾಲು ಕರೆಯಲು ಕಳುಹಿಸಿದರು, ವಾಸನೆ ಹಿಡಿದು ಹಸು ಸುಮ್ಮನಿರಲಿ ಎಂದು. ತಮಿಳರ ಆಡಿ ಮಾಸದಲ್ಲಿ (ಜುಲೈ–ಆಗಸ್ಟ್) ಅಂತಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ಇಳಿಯುವ ನಮ್ಮ ಹೋರಿಗಳನ್ನು ಕೊಳ್ಳಲು ಬಯಲುಸೀಮೆಯವರು ಕಾದಿರುತ್ತಾರೆ. ಈ ತಳಿಯನ್ನು ಉಳಿಸಲೆಂದೇ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯ ಬರಗೂರಿನಲ್ಲಿ ಸಂಶೋಧನಾ ಕೇಂದ್ರ ತೆರೆದಿದೆ. ಒಳ್ಳೆಯ ಕೆಲಸ. ಆದರೆ ಬೇಲಿಯೊಳಗೆ ಕಟ್ಟಿಹಾಕಿ ಹಿಂಡಿ ತಿನ್ನಿಸಿದರೆ ಉಳಿಯುವುದು ಕೆಂಪು ಬಣ್ಣ ಮತ್ತು ಕೊಂಬಿನ ಆಕಾರ ಮಾತ್ರ. ಯಾವ ಸೊಪ್ಪು ತಿನ್ನಬೇಕು, ಯಾವುದನ್ನು ಬಿಡಬೇಕು, ಹುಲಿಯ ವಾಸನೆ ಬಂದರೆ ಕರುಗಳನ್ನು ನಡುವೆ ಹಾಕಿಕೊಂಡು ಹೇಗೆ ನಿಲ್ಲಬೇಕು ಎಂಬುದನ್ನು ಕರು ತಾಯಿಯ ಹಿಂದೆ ಕಾಡು ಸುತ್ತಿಯೇ ಕಲಿಯಬೇಕು. ಒಂದು ಕೈಯಲ್ಲಿ ತಳಿ ರಕ್ಷಣೆಗೆ ಹಣ, ಇನ್ನೊಂದು ಕೈಯಲ್ಲಿ ಅದರ ಮೇವಿಗೆ ಬೀಗ: ಸರ್ಕಾರ ಇವೆರಡನ್ನೂ ಒಟ್ಟಿಗೆ ಮಾಡಲಾಗದು.

ಈಗ ಭೂಮಿಯ ಮಾತಿಗೆ ಬರುತ್ತೇನೆ, ನಾನು ಬರೆಯಲು ಕುಳಿತದ್ದೇ ಅದಕ್ಕೆ.

ನಮ್ಮ ಮಾವನವರು ಒಂದೇ ಜಾಗದಲ್ಲಿ ವರ್ಷಗಟ್ಟಲೆ ಪಟ್ಟಿ ಇಟ್ಟವರಲ್ಲ. ಸಗಣಿ, ಗಂಜಲ, ಗೊರಸಿನ ತುಳಿತದಿಂದ ನೆಲ ಕಪ್ಪಗಾಗಿ, ಮಳೆ ಬಿದ್ದರೆ ಕೆಸರಾಗುವ ಹೊತ್ತಿಗೆ ಬೇರೆ ಜಾಗಕ್ಕೆ ಹೊರಡುತ್ತಿದ್ದರು. ಬಿಟ್ಟುಬಂದ ಜಾಗಕ್ಕೆ ಮರುವರ್ಷ ಹೋಗಿ ನೋಡಬೇಕು. ಹಿಂಗಾರು ಮಳೆ ಮುಗಿದ ಮೇಲೆ ಸುತ್ತಲ ಹುಲ್ಲೆಲ್ಲ ಒಣಗಿ ಹಳದಿಯಾಗಿದ್ದರೂ ಹಳೆಯ ಪಟ್ಟಿಯ ಜಾಗ ಮಾತ್ರ ದುಂಡಗೆ ಹಸಿರಾಗಿರುತ್ತದೆ. ಬೇಲಿಯ ಗಳು ಅರ್ಧ ಗೆದ್ದಲು ತಿಂದು ಬಿದ್ದಿರುತ್ತವೆ, ಒಳಗೆಲ್ಲ ಗರಿಕೆ ಹೆಣೆದುಕೊಂಡಿರುತ್ತದೆ. ಬಗ್ಗಿ ನೋಡಿದರೆ ಗರಿಕೆಯ ತುದಿಗಳನ್ನು ಸಣ್ಣಗೆ ಕಚ್ಚಿದ ಗುರುತು, ಪಕ್ಕದಲ್ಲಿ ಜಿಂಕೆಯ ಹಿಕ್ಕೆ. ದನ ಬಿಟ್ಟುಹೋದ ಜಾಗವನ್ನು ಜಿಂಕೆ ಹಿಡಿಯುತ್ತದೆ, ಜಿಂಕೆಯ ಹಿಂದೆ ಬರುವವನು ಬರುತ್ತಾನೆ. ಕಾಯುವ ಹುಡುಗರಿಗೆ ಮಾವನವರು ಹೇಳುತ್ತಿದ್ದದ್ದು ಇಷ್ಟೇ: ಎದ್ದು ಬಂದ ಜಾಗಕ್ಕೆ ಮೂರು ಮಳೆಗಾಲ ಕಳೆಯದೆ ಮರಳಬಾರದು, ನೀರಿನ ಹಳ್ಳದಲ್ಲಿ ದನ ಮಲಗಿಸಬಾರದು, ಬೇಲಿಗೆ ಹಸಿ ಮರ ಕಡಿಯಬಾರದು, ಇನ್ನೊಬ್ಬರ ಪಟ್ಟಿಯ ಮೇವಿನ ಸರಹದ್ದಿಗೆ ನುಗ್ಗಬಾರದು. ಯಾವ ಹಳ್ಳದವರೆಗೆ ಯಾರ ಪಟ್ಟಿ ಎಂಬುದು ಊರಿನ ಹಿರಿಯರ ಬಾಯಲ್ಲಿತ್ತು. ಮೀರಿದವರನ್ನು ಗುಡಿಯ ಮುಂದೆ ಕೂರಿಸಿ ತಪ್ಪು ಕಾಣಿಕೆ ಹಾಕಿಸುತ್ತಿದ್ದರು.

ಈ ಕಟ್ಟುಪಾಡು ಈಗ ಎಲ್ಲ ಕಡೆಯೂ ಹಾಗೇ ಉಳಿದಿದೆ ಎಂದು ನಾನು ಹೇಳುವುದಿಲ್ಲ. ವೀರಪ್ಪನ್ ಕಾಲದಲ್ಲಿ ಪಟ್ಟಿಗಳನ್ನು ಕಾಡಿನಿಂದ ಎಬ್ಬಿಸಿದರು. ಆಮೇಲೆ ಮರಳಿದಾಗ ಹಳೆಯ ಸರಹದ್ದುಗಳು ಕಲಸಿಹೋಗಿದ್ದವು. ಕಾಡಂಚಿಗೆ ಹತ್ತಿರವಾಗಿ, ರಸ್ತೆಗೆ ಹತ್ತಿರವಾಗಿ ಒತ್ತೊತ್ತಾಗಿ ಪಟ್ಟಿ ಕಟ್ಟುವುದು ಶುರುವಾಯಿತು. ಎಲ್ಲಿ ಯಾವಾಗ ಎಬ್ಬಿಸುತ್ತಾರೋ ಎಂದು ಹೆದರುವವನು ನೆಲಕ್ಕೆ ಬಿಡುವು ಕೊಡುವ ಯೋಚನೆ ಮಾಡುವುದಿಲ್ಲ, ಸಿಕ್ಕಷ್ಟು ದಿನ ಮೇಯಿಸಿಬಿಡುತ್ತಾನೆ. ಹಕ್ಕನ್ನು ಕಿತ್ತುಕೊಂಡ ಕಡೆ ಹೊಣೆಯೂ ಕಳಚಿಕೊಳ್ಳುತ್ತದೆ. ನಿಷೇಧದ ಆದೇಶಗಳು ಬಂದಾಗಲೆಲ್ಲ ಆಗುವುದು ಇದೇ, ಇದನ್ನು ನಾನು ನಮ್ಮ ಬೆಟ್ಟದಲ್ಲೇ ಕಂಡಿದ್ದೇನೆ.

ಇನ್ನೊಂದು ಕಹಿ ಸತ್ಯವೂ ಇದೆ. ಬಯಲಿನ ಕೆಲವರು ತಮ್ಮ ದನಗಳನ್ನು ನೂರರ ಲೆಕ್ಕದಲ್ಲಿ ಕಾಡಿಗೆ ಅಟ್ಟಿ, ಕೂಲಿ ಕೊಟ್ಟು ಕಾಯಿಸುತ್ತಾರೆ. ಅವರಿಗೆ ಬೇಕಾದದ್ದು ಹಾಲೂ ಅಲ್ಲ, ತಳಿಯೂ ಅಲ್ಲ, ಬರೀ ಗೊಬ್ಬರ. ಕಾಯುವವನು ಬಡವ, ದನದ ಒಡೆಯ ಎಲ್ಲೋ ಇರುತ್ತಾನೆ, ಅವನ ಹೆಸರು ಯಾವ ಕೇಸಿನಲ್ಲೂ ಬರುವುದಿಲ್ಲ. ಬಂಡೀಪುರದ ಅಂಚಿನ ಹಳ್ಳಿಗಳಿಂದ ಕಾಫಿ ತೋಟಗಳಿಗೆ ಸಗಣಿ ಸಾಗುತ್ತಿದ್ದುದನ್ನು, ಕಾಫಿಗೆ ಬೆಲೆ ಏರಿದ ಕಾಲದಲ್ಲಿ ಅದರ ಆಸೆಗೆ ದನಗಳು ಹೆಚ್ಚಿದ್ದನ್ನು ವಿಜ್ಞಾನಿಗಳು ಅಧ್ಯಯನ ಮಾಡಿ ಬರೆದಿದ್ದಾರೆ. ನಮ್ಮ ಕಡೆ ಗೊಬ್ಬರ ಇಳಿಯುವುದು ಈರೋಡಿನ ಅರಿಸಿನದ ಹೊಲಗಳಿಗೆ. 2019ರಲ್ಲಿ ಈರೋಡ್ ಅರಿಸಿನಕ್ಕೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಆ ಅರಿಸಿನದ ಬಣ್ಣದಲ್ಲಿ ನಮ್ಮ ಬೆಟ್ಟದ ಹುಲ್ಲಿನ ಪಾಲೂ ಇದೆ ಎಂದು ನಾನು ನಂಬುತ್ತೇನೆ. ಆದರೆ ಲಾರಿಯಲ್ಲಿ ಇಳಿದು ಹೋಗುವ ಒಂದೊಂದು ಲೋಡಿನಲ್ಲೂ ಕಾಡಿನ ಸತ್ವ ಇಳಿದು ಹೋಗುತ್ತದೆ, ತಿರುಗಿ ಬರುವುದಿಲ್ಲ. ನಮ್ಮ ಮನೆಯಲ್ಲಿ ಗೊಬ್ಬರದ ಲೆಕ್ಕ ಬರೆಯುವವಳು ನಾನು. ಪಟ್ಟಿ ಎಬ್ಬಿಸುವಾಗ ಮೇಲಿನ ಒಣ ಪುಡಿಯನ್ನಷ್ಟೇ ಕೆರೆದು ತುಂಬಿಸುತ್ತೇವೆ, ನೆಲಕ್ಕೆ ಅಂಟಿದ ಪದರವನ್ನು ಬಿಟ್ಟು ಬರುತ್ತೇವೆ. ಮೊದಲ ಪಾಲು ನಮ್ಮ ರಾಗಿ ಹೊಲಕ್ಕೆ, ಉಳಿದದ್ದು ಮಾರಾಟಕ್ಕೆ. ಹೀಗೆ ಬಿಟ್ಟುಬರುವುದನ್ನು ಎಲ್ಲರಿಗೂ ಕಡ್ಡಾಯ ಮಾಡಲಿ. ಗೊಬ್ಬರಕ್ಕಾಗಿಯೇ ಕಾಡಿಗೆ ಅಟ್ಟಿದ ಬಾಡಿಗೆ ದನಗಳನ್ನು ಹೊರಹಾಕಲಿ, ಅದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಅವನ್ನೂ ನಮ್ಮ ಬೆಟ್ಟದ ದನಗಳನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ಆದೇಶ ಅನ್ಯಾಯದ್ದು.

ಹುಲ್ಲು ಕಡಿಮೆಯಾಗಲು ದನವೊಂದೇ ಕಾರಣವೇ? ಕಾಡಿನೊಳಗೆ ಕಾಲಿಟ್ಟವರು ಹೌದೆನ್ನುವುದಿಲ್ಲ. ಲಂಟಾನ ನೋಡಿ. 19ನೇ ಶತಮಾನದ ಆರಂಭದಲ್ಲಿ ಹೂದೋಟದ ಅಲಂಕಾರಕ್ಕೆಂದು ಕಲ್ಕತ್ತೆಗೆ ತಂದ ಗಿಡ ಇಂದು ನಮ್ಮ ಬೆಟ್ಟದ ದಿಂಡಿಗದ ಕೆಳಗೆ, ಬಿದಿರಿನ ನಡುವೆ ಆಳೆತ್ತರ ನಿಂತಿದೆ. ಅದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ. ಹಸಿದ ದನ ಬೇರೆ ಗತಿಯಿಲ್ಲದೆ ಅದನ್ನು ತಿಂದರೆ ಕಾಮಾಲೆ ಬಂದು, ಬಿಸಿಲಿಗೆ ಮೂತಿಯ ಚರ್ಮ ಸುಲಿದು ನರಳುತ್ತದೆ. ಜಿಂಕೆಗೂ ಮೇವಿಲ್ಲ, ಕಾಟಿಗೂ ಮೇವಿಲ್ಲ, ನಮ್ಮ ಹಸುವಿಗೂ ಇಲ್ಲ. ಉಳಿದ ತುಂಡು ಹುಲ್ಲುಗಾವಲಿನಲ್ಲಿ ಮೂವರೂ ಸೇರುತ್ತಾರೆ, ಅಲ್ಲಿಗೇ ಹುಲಿ ಬರುತ್ತದೆ. ಹಿಂದೆ ಸೋಲಿಗರು ಚಳಿಗಾಲ ಮುಗಿಯುವ ಹೊತ್ತಿಗೆ ಹುಲ್ಲಿಗೆ ಸಣ್ಣ ಬೆಂಕಿ ಹಾಯಿಸುತ್ತಿದ್ದರು, ಅದು ನಿಂತ ಮೇಲೆ ಲಂಟಾನ ಹಬ್ಬಿತು ಎಂದು ಬಿಳಿಗಿರಿರಂಗನ ಬೆಟ್ಟದ ಹಿರಿಯರು ಹೇಳುತ್ತಾರೆ. ನಮ್ಮ ಬೆಟ್ಟದ ಊರಾಳಿ ಬುಡಕಟ್ಟಿನ ಹಿರಿಯರ ಬಾಯಲ್ಲೂ ಅದೇ ಮಾತು ಕೇಳಿದ್ದೇನೆ.

ಲಂಟಾನ ಕೀಳುವುದಕ್ಕೆ ದಾರಿ ಇದೆ. ಬರೀ ಸವರಿದರೆ ಅದು ಎರಡು ಪಟ್ಟು ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಅವರ ಸಂಗಡಿಗರು ರೂಪಿಸಿದ ವಿಧಾನದಲ್ಲಿ, ಕಾಯಿ ಕಟ್ಟುವ ಮೊದಲೇ, ಬುಡದ ಮಣ್ಣು ಸರಿಸಿ ಚಿಗುರೊಡೆಯುವ ಗಂಟಿಗಿಂತ ಕೆಳಗೆ ತಾಯಿಬೇರನ್ನು ಕಡಿದು, ಗಿಡವನ್ನು ತಲೆಕೆಳಗು ಮಾಡಿ ಒಣಗಲು ಬಿಡಬೇಕು. ಹಕ್ಕಿಗಳು ಕೂರುವ ಮರಗಳ ಕೆಳಗೆ ಬೀಜ ಬಿದ್ದು ಮತ್ತೆ ಮೊಳೆಯುತ್ತದೆ, ಆ ಸಸಿಗಳನ್ನು ಮುಂದಿನ ಮಳೆಗಾಲಗಳಲ್ಲೂ ಕೀಳುತ್ತಿರಬೇಕು. ತೆರವಾದ ಜಾಗದಲ್ಲಿ ಊರಿನ ಹುಲ್ಲಿನ ಬೀಜ ಚೆಲ್ಲಬೇಕು. ಇದು ಒಂದು ಬೇಸಿಗೆಯ ಗುತ್ತಿಗೆ ಕೆಲಸವಲ್ಲ. ಯಂತ್ರ ತಂದು ನೆಲ ಕೆದರಿ ಹೋಗುವವರಿಂದ ಆಗುವುದೂ ಅಲ್ಲ. ವರ್ಷವಿಡೀ ಅದೇ ಜಾಗದಲ್ಲಿ ಓಡಾಡುವವರಿಂದ ಮಾತ್ರ ಸಾಧ್ಯ. ಮಾದಪ್ಪನ ಬೆಟ್ಟದ ಸುತ್ತಿನ ಸೋಲಿಗರು ಇದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುತ್ತಾರೆ, ಕಿತ್ತದ್ದು ವ್ಯರ್ಥವಾಗಬೇಕಿಲ್ಲ. ಪ್ರತಿ ಪಟ್ಟಿಗೂ ಅದರ ಮೇವಿನ ಸರಹದ್ದಿನಲ್ಲಿ ಇಷ್ಟು ಜಾಗದ ಲಂಟಾನ ಕೀಳುವ ಹೊಣೆ ಹೊರಿಸಲಿ, ಅದಕ್ಕೆ ಕೂಲಿ ಕೊಡಲಿ. ನಮ್ಮ ಊರಿನ ಹೆಂಗಸರು ಆ ಕೆಲಸಕ್ಕೆ ಸಿದ್ಧರಿದ್ದೇವೆ.

ರೋಗದ ವಿಷಯದಲ್ಲಿ ವನ್ಯಜೀವಿ ತಜ್ಞರ ಆತಂಕ ನಿಜವಾದದ್ದು. 1968ರಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದಾಗ ಮುದುಮಲೆ, ಬಂಡೀಪುರದ ಕಾಡುಗಳಲ್ಲಿ ಕಾಟಿಗಳು ಹಿಂಡುಹಿಂಡಾಗಿ ಸತ್ತವು. ಆ ರೋಗ ಈಗ ಲೋಕದಿಂದಲೇ ಹೋಗಿದೆ. 2011ರಲ್ಲಿ ಅದು ನಿರ್ಮೂಲವಾಯಿತೆಂದು ಘೋಷಿಸಿದರು. ಆದರೆ ಕಾಲುಬಾಯಿ ಜ್ವರ ಇದೆ, ಚರ್ಮಗಂಟು ರೋಗ ಇದೆ. ಇದಕ್ಕೆ ಉತ್ತರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ವನ್ಯಜೀವಿಧಾಮದ ಒಳಗೆ ಮತ್ತು ಅದರಿಂದ ಐದು ಕಿಲೋಮೀಟರ್ ಒಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸುವುದು ಮುಖ್ಯ ವನ್ಯಜೀವಿ ವಾರ್ಡನ್ ಹೊಣೆ, ಲಸಿಕೆಯಿಲ್ಲದ ದನವನ್ನು ಒಳಗೆ ಮೇಯಿಸಬಾರದು ಎಂದು 33ಎ ಕಲಂ ಹೇಳುತ್ತದೆ. 2019ರಿಂದ ಕೇಂದ್ರದ ಕಾರ್ಯಕ್ರಮದಡಿ ಕಾಲುಬಾಯಿ ಜ್ವರದ ಲಸಿಕೆ ಉಚಿತ. ಲಸಿಕೆ ಊರಿನ ಬಸ್ ನಿಲ್ದಾಣದವರೆಗೆ ಬಂದರೆ ಸಾಲದು, ಪಟ್ಟಿಗೆ ಬರಬೇಕು. ನಮ್ಮ ದನ ಹೊಸಬರು ಸೂಜಿ ಹಿಡಿದು ಬಂದರೆ ಬೇಲಿ ಹಾರುತ್ತವೆ. ಅದಕ್ಕೆ ಪಟ್ಟಿಯ ಬಾಗಿಲಲ್ಲಿ ಒಂದೇ ದನ ಹೋಗುವಷ್ಟು ಅಗಲದ ಗಳುಗಳ ಓಣಿ ಕಟ್ಟಬೇಕು, ಬೆಳಕು ಹರಿಯುವ ಮೊದಲೇ ವೈದ್ಯರು ಅಲ್ಲಿರಬೇಕು. ನನ್ನ ಮೈದುನ ಇಂಥ ಓಣಿ ಕಟ್ಟಿದ ಮೇಲೆ ಒಂದೇ ಮುಂಜಾನೆ ಇಡೀ ಹಿಂಡಿಗೆ ಲಸಿಕೆ ಹಾಕಿ ಮುಗಿಸಲು ಸಾಧ್ಯವಾಯಿತು.

ಪರಿಹಾರದ ವಿಷಯವನ್ನು ಹೇಳದಿದ್ದರೆ ಈ ಪತ್ರ ಅರ್ಧವಾಗುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಗಬ್ಬದ ಹಸುವೊಂದನ್ನು ಹುಲಿ ಹಿಡಿಯಿತು. ಸುದ್ದಿ ತಿಳಿದು ಮೈದುನನೂ ಇನ್ನಿಬ್ಬರೂ ಕೋಲು ಹಿಡಿದು ಓಡಿದರು. ಹಸುವಿನ ಕುತ್ತಿಗೆಯ ಗಂಟೆ ಕಲ್ಲಿನ ಮೇಲೆ ಬಿದ್ದಿತ್ತು, ಹುಲಿ ಹಿಂಭಾಗದಿಂದ ತಿನ್ನಲು ಶುರುಮಾಡಿತ್ತು. ಎಳೆದು ಹೂಳೋಣ ಎಂದರು ಹುಡುಗರು. ಮಾವನವರು ಬಿಡಲಿಲ್ಲ. “ಅದರ ಬಾಯಿಂದ ಕಿತ್ತುಕೊಂಡರೆ ನಾಳೆ ಇನ್ನೊಂದನ್ನು ಹಿಡಿಯುತ್ತದೆ. ತಿಂದು ಮುಗಿಸಲಿ, ಯಾರೂ ಹತ್ತಿರ ಹೋಗಬೇಡಿ” ಎಂದು ಹೇಳಿ, ಗಂಟೆಯನ್ನಷ್ಟೇ ಎತ್ತಿಕೊಂಡು ಬಂದರು. ಆ ರಾತ್ರಿಯೇ ಪಟ್ಟಿಯ ಬೇಲಿಗೆ ಇನ್ನೊಂದು ಸುತ್ತು ಮುಳ್ಳು ಹಾಕಿಸಿದರು. ಫೋಟೊ ತೆಗೆದು, ವೈದ್ಯರ ಪತ್ರ ಸೇರಿಸಿ ಅರ್ಜಿ ಕೊಟ್ಟೆವು. ಒಂದು ಕಾಗದ ಸರಿಯಿದ್ದರೆ ಇನ್ನೊಂದು ಸರಿಯಿಲ್ಲ ಎಂದು ಕಚೇರಿಯಿಂದ ಕಚೇರಿಗೆ ಅಲೆದದ್ದಾಯಿತು. ಹಣ ಕೈಗೆ ಬರುವ ಹೊತ್ತಿಗೆ ಆ ಹಸುವಿನ ಹಿಂದಿನ ಕರು ದೊಡ್ಡ ಕಡಸಾಗಿತ್ತು. ನಮ್ಮ ಮಾವನವರ ಬುದ್ಧಿ ಎಲ್ಲರಿಗೂ ಇರಲಿ ಎಂದು ಬಯಸಬಹುದು, ಅದನ್ನು ನೆಚ್ಚಿಕೊಂಡು ಹುಲಿ ಉಳಿಸಲಾಗದು. ಇರುವ ಎರಡು ಹಸುಗಳಲ್ಲಿ ಒಂದನ್ನು ಕಳೆದುಕೊಂಡವನ ಕೈಗೆ ಒಂದು ವಾರದೊಳಗೆ ಅರ್ಧ ಹಣವಾದರೂ ಬರಬೇಕು. ಉಳಿದ ಕಾಗದಪತ್ರ ಆಮೇಲೆ ನೋಡಿಕೊಳ್ಳಲಿ. ಕಳೇಬರವನ್ನು ಮುಟ್ಟದೆ ಹುಲಿಗೆ ಬಿಟ್ಟವನಿಗೆ ಒಂದಿಷ್ಟು ಹೆಚ್ಚೇ ಕೊಡಲಿ. ಹೂಗ್ಯಂನಂಥ ಘಟನೆ ಮತ್ತೆ ಆಗದಂತೆ ತಡೆಯಲು ಸರ್ಕಾರ ಮಾಡಬಹುದಾದ ಕೆಲಸಗಳಲ್ಲಿ ಇದೇ ಎಲ್ಲಕ್ಕಿಂತ ಅಗ್ಗದ್ದು.

ವನ್ಯಜೀವಿಧಾಮವೆಂದ ಮೇಲೆ ದನ ಮೇಯಿಸುವಂತೆಯೇ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಕಾಯ್ದೆ ಓದಿದರೆ ರಾಷ್ಟ್ರೀಯ ಉದ್ಯಾನಕ್ಕೂ ವನ್ಯಜೀವಿಧಾಮಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. ಉದ್ಯಾನದಲ್ಲಿ ಮೇಯಿಸುವುದಕ್ಕೆ ನೇರ ತಡೆ ಇದೆ. ಧಾಮದಲ್ಲಿ ಅದನ್ನು ಕ್ರಮಪಡಿಸುವ, ಹತೋಟಿಯಲ್ಲಿಡುವ ಅಥವಾ ನಿಲ್ಲಿಸುವ ಅಧಿಕಾರವನ್ನು ವಾರ್ಡನ್‌ಗೆ ಕೊಟ್ಟಿದೆ. ಕ್ರಮಪಡಿಸುವುದು ಕಷ್ಟದ ಕೆಲಸ, ನಿಲ್ಲಿಸಿಬಿಡುವುದು ಸುಲಭ. ಅದರ ಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ಮೇಯಿಸುವ ಹಕ್ಕನ್ನು, ಕಾಡಿನಲ್ಲಿ ಋತುಮಾನಕ್ಕೆ ತಕ್ಕಂತೆ ದನ ಅಟ್ಟಿಕೊಂಡು ತಿರುಗುವವರ ಹಕ್ಕನ್ನೂ ಸೇರಿಸಿ, ಅದು ಸಮುದಾಯದ ಹಕ್ಕೆಂದು ಒಪ್ಪಿದೆ. ಅದೇ ಕಾಯ್ದೆಯ ಐದನೆಯ ಕಲಂ ಕಾಡು, ಕಾಡುಪ್ರಾಣಿ, ನೀರಿನ ಮೂಲಗಳನ್ನು ಕಾಪಾಡುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಅದೂ ಹುಲಿ ರಕ್ಷಿತಾರಣ್ಯದೊಳಗೆ. ಅಲ್ಲಿ ಆದದ್ದು ಇಲ್ಲಿ ಆಗದು ಎನ್ನುವುದಕ್ಕೆ ಕಾರಣವಿಲ್ಲ.

ನಮ್ಮ ತೊಡಕು ಬೇರೆಯದು. ಲಿಂಗಾಯತರು ಪರಿಶಿಷ್ಟ ಪಂಗಡದವರಲ್ಲ. 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಎಂದರೆ 75 ವರ್ಷ, ಕಾಡನ್ನು ನಂಬಿ ಬದುಕಿದ್ದೇವೆಂದು ನಾವು ತೋರಿಸಬೇಕು. ಮಾವನವರ ತಗಡಿನ ಪೆಟ್ಟಿಗೆಯಲ್ಲಿ ಮೇವಿಗೆ ಸುಂಕ ಕಟ್ಟಿದ ಹಳೆಯ ಚೀಟಿಗಳಿವೆ. ಮಡಿಕೆಯಲ್ಲಿ ಹರಿದಿವೆ, ಮಸಿ ಮಾಸಿದೆ, ಆದರೂ ಸೀಲು ಕಾಣುತ್ತದೆ. ಎಲ್ಲ ಮನೆಯಲ್ಲೂ ಇಂಥ ಚೀಟಿ ಉಳಿದಿಲ್ಲ. ಹಿರಿಯರ ಹೇಳಿಕೆ, ಹಳೆಯ ಬಾವಿ, ಸಮಾಧಿ, ಕಾಡಿನೊಳಗಿನ ದೇವರ ಜಾಗ ಇವನ್ನೂ ಸಾಕ್ಷಿಯಾಗಿ ಒಪ್ಪಬೇಕೆಂದು ನಿಯಮವೇ ಹೇಳುತ್ತದೆ. ಹೇಳಿಕೆ ಕೊಡಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಣು ಮುಚ್ಚುತ್ತಿದ್ದಾರೆ. ತಮಿಳುನಾಡಿನಲ್ಲಿ ಈ ಕಾಯ್ದೆಯ ಕೆಲಸ ಕೋರ್ಟಿನ ತಡೆಯಿಂದ ವರ್ಷಗಟ್ಟಲೆ ನಿಂತಿತ್ತು, 2016ರಲ್ಲಿ ಸುಪ್ರೀಂ ಕೋರ್ಟ್ ದಾರಿ ಬಿಡಿಸಿತು. ಆಗ ಕಳೆದುಹೋದ ಕಾಲವನ್ನು ನಮ್ಮ ಲೆಕ್ಕದಲ್ಲಿ ಹಿಡಿಯಬಾರದು.

ಎರಡೂ ಸರ್ಕಾರಗಳಿಗೆ ನನ್ನ ಬೇಡಿಕೆ ಒಂದೇ. ಬರಗೂರು ಬೆಟ್ಟದಲ್ಲೂ ಮಾದಪ್ಪನ ಬೆಟ್ಟದ ಅಂಚಿನಲ್ಲೂ ಇರುವ ಪ್ರತಿ ಪಟ್ಟಿ, ದೊಡ್ಡಿಯನ್ನು ಎಣಿಸಿ. ಯಾರ ದನ, ಯಾವ ತಳಿ, ಎಷ್ಟು, ಯಾವ ಹಳ್ಳದಿಂದ ಯಾವ ಹಳ್ಳದವರೆಗೆ ಮೇಯುತ್ತವೆ, ಯಾವ ತಿಂಗಳು ಎಲ್ಲಿ ಎಂಬುದನ್ನು ಗ್ರಾಮಸಭೆಯ ಮುಂದೆ ಬರೆದುಕೊಳ್ಳಿ. ದನಗಳ ಕಿವಿಗೆ ಗುರುತಿನ ಓಲೆ ಹಾಕಿ. ಈ ನೆಲ ಎಷ್ಟು ದನ ತಾಳುತ್ತದೆ ಎಂಬುದನ್ನು ಅರಣ್ಯ ಇಲಾಖೆ, ಪಶುವೈದ್ಯರು, ಊರಿನ ಹಿರಿಯರು ಒಟ್ಟಿಗೆ ಕಾಡು ಸುತ್ತಿ ತೀರ್ಮಾನಿಸಲಿ. ಆ ಮಿತಿ ನಮಗೆ ಕಡಿಮೆಯೆನಿಸಿದರೂ ಒಪ್ಪುತ್ತೇವೆ. ಆನೆಯ ದಾರಿಗೆ ಅಡ್ಡವಾದ ಪಟ್ಟಿಯನ್ನು ಸರಿಸಲು ಬೇರೆ ಜಾಗ ತೋರಿಸಲಿ. ಹುಲಿ ಮರಿ ಹಾಕುವ ಕಣಿವೆಗಳಿಗೆ ದನ ಹೋಗಲೇಬಾರದೆಂದು ಗೆರೆ ಎಳೆಯಲಿ. ಆ ಗೆರೆಯನ್ನು ಕಾಯುವುದಕ್ಕೆ ನಮ್ಮ ಹುಡುಗರಿಗಿಂತ ಒಳ್ಳೆಯ ಕಾವಲುಗಾರರು ಸಿಗಲಾರರು. ಅಪರಿಚಿತ ಹೆಜ್ಜೆ, ಉರುಳು, ಕಳ್ಳ ಬೆಂಕಿ ಎಲ್ಲವೂ ಮೊದಲು ಬೀಳುವುದು ಪಟ್ಟಿಯವರ ಕಣ್ಣಿಗೆ. ಅವರನ್ನು ಕಾಡಿನಿಂದ ಹೊರಹಾಕಿದ ದಿನ ಇಲಾಖೆ ಆ ಕಣ್ಣುಗಳನ್ನೂ ಕಳೆದುಕೊಳ್ಳುತ್ತದೆ.

ನಮ್ಮ ಊರಿನಲ್ಲಿ ಮನೆಮನೆಯ ದನಗಳನ್ನು ಎಣಿಸಿ ಒಂದು ಉದ್ದದ ನೋಟ್‌ಬುಕ್ಕಿನಲ್ಲಿ ಬರೆಯಲು ಶುರುಮಾಡಿದ್ದೇವೆ. ಕನ್ನಡದಲ್ಲಿ ಬರೆಯುವುದು ನಾನು, ತಮಿಳಿಗೆ ಇಳಿಸುವುದು ಶಾಲೆಗೆ ಹೋಗುವ ನನ್ನ ಮಗಳು. ಹಳ್ಳಗಳ ಹೆಸರು, ಹಳೆಯ ಪಟ್ಟಿಗಳ ಜಾಗ, ಬಿಡುವು ಕೊಟ್ಟ ವರ್ಷ ಎಲ್ಲವನ್ನೂ ಮಾವನವರೂ ಅವರ ಓರಗೆಯವರೂ ಹೇಳುತ್ತಿದ್ದಾರೆ. ಗಡಿಯಾಚೆಯ ಹನೂರು ಕಡೆಯ ದೊಡ್ಡಿಯವರೂ ಹೀಗೆ ಬರೆದಿಟ್ಟರೆ ಎರಡು ರಾಜ್ಯಗಳ ಅಧಿಕಾರಿಗಳ ಮುಂದೆ ಒಟ್ಟಿಗೆ ಇಡಬಹುದು. ಮುಂದಿನ ಮುಂಗಾರಿಗೆ ದನಗಳು ಹೊಲ ಬಿಟ್ಟು ಕಾಡು ಹತ್ತುವ ಮೊದಲು ಈ ಎಣಿಕೆ ಅಧಿಕೃತವಾಗಿ ನಡೆಯಬೇಕು. ನಿಮ್ಮ ವರದಿಗಾರರು ಈ ಕಡೆ ಬಂದರೆ ನೋಟ್‌ಬುಕ್ ತೋರಿಸುತ್ತೇನೆ, ಪಟ್ಟಿಗೂ ಕರೆದುಕೊಂಡು ಹೋಗುತ್ತೇನೆ.

ಇಂತಿ,
ಬರಗೂರು ಬೆಟ್ಟದ ಓದುಗಾರ್ತಿ
ಅಂತಿಯೂರು ತಾಲ್ಲೂಕು, ಈರೋಡ್ ಜಿಲ್ಲೆ